ಗಾಂಧಿ ಬಜಾರಿನ ಟೈಲರ್ ಅಂಗಡಿ, ನಮ್ಮ ಮಕ್ಕಳ ಹತ್ತು ವರ್ಷದ ಅಳತೆ

ಶಿವಮೊಗ್ಗದಲ್ಲಿ ಮಕ್ಕಳ ಯೂನಿಫಾರ್ಮ್ ಎಲ್ಲಿ ಹೊಲಿಸೋದು ಅಂತ ಏಪ್ರಿಲ್ ಬಂದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುತ್ತೇನೆ. ಗಾಂಧಿ ಬಜಾರಿನಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಎಂಟು ಅಡಿ ಅಗಲದ ಟೈಲರ್ ಅಂಗಡಿ ಇದೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. "ಇರೋರಿಗೇ ಟೈಮಿಗೆ ಕೊಡೋಕಾಗ್ತಿಲ್ಲ ಸಾರ್, ಇನ್ನೂ ಜನ ಬಂದ್ರೆ ನಾನೇನು ಮಾಡ್ಲಿ" ಅಂದರು. ಹಾಗಾಗಿ ಹೆಸರು ಬರೆಯುತ್ತಿಲ್ಲ. ಬಜಾರಿನ ಹೂವಿನವರನ್ನು "ಶಾಲೆ ಬಟ್ಟೆ ಹೊಲಿಯೋ ಟೈಲರ್" ಅಂತ ಕೇಳಿ, ಕೈ ತೋರಿಸುತ್ತಾರೆ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಯಾರಿಗೆ ಎಷ್ಟು ಬಾಕಿ, ದಿನವಿಡೀ ಇದೇ ಕೆಲಸ. ಹೆಂಡತಿಗೆ ಬೆಳಗ್ಗೆ ಬೇಗ ಡ್ಯೂಟಿ, ಹಾಗಾಗಿ ಮಕ್ಕಳನ್ನು ಟೈಲರ್ ಹತ್ತಿರ ಕರೆದುಕೊಂಡು ಹೋಗುವ ಕೆಲಸ ಮೊದಲಿನಿಂದ ನನ್ನದೇ. 2015ರ ಮೇ ತಿಂಗಳಲ್ಲಿ ಮಗಳನ್ನು ಮೊದಲ ಸಲ ಕರೆದುಕೊಂಡು ಹೋದೆ. ಆರು ವರ್ಷ, ಒಂದನೇ ಕ್ಲಾಸಿಗೆ ಸೇರಿದ್ದಳು, ನನ್ನ ತೋರುಬೆರಳನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಟೈಲರ್ ನನ್ನ ಹತ್ತಿರ ಏನೂ ಕೇಳಲಿಲ್ಲ. ಮಂಡಿಯೂರಿ ಅವಳ ಎತ್ತರಕ್ಕೆ ಬಂದು ಕೂತು "ಎಷ್ಟನೇ ಕ್ಲಾಸು ತಾಯಿ?" ಅಂದರು. ಟೇಪು ಕುತ್ತಿಗೆಗೆ ತಾಗಿದಾಗ ಕಚಗುಳಿಯಾಗಿ ನಕ್ಕುಬಿಟ್ಟಳು. ನಕ್ಕರೆ ಎದೆ ಅಳತೆ ಸರಿ ಬರುವುದಿಲ್ಲವಲ್ಲ, ಅವಳ ನಗು ನಿಲ್ಲುವವರೆಗೆ ಟೇಪು ಹಿಡಿದುಕೊಂಡು ಸುಮ್ನೆ ಕಾದರು. ಎದುರಿಗೆ ಆರೇಳು ಜನ ನಿಂತಿದ್ದರು, ಮೇ ತಿಂಗಳ ಸೆಕೆ ಬೇರೆ. ಅವತ್ತೇ ನನಗೆ ಈ ಅಂಗಡಿ ಹಿಡಿಸಿತು.

ಇನ್ನು ಅವರ ಪುಸ್ತಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೇರೆ ಟೈಲರ್‌ಗಳು ರಸೀದಿ ಹಿಂದೆ ಅಳತೆ ಗೀಚಿ, ಬಟ್ಟೆಗೆ ಪಿನ್ ಹಾಕಿ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ. ಇವರದು ಉದ್ದನೆಯ ದಪ್ಪ ರಟ್ಟಿನ ಲೆಕ್ಕದ ಪುಸ್ತಕ, ನಮ್ಮ ಮಂಡಿಯಲ್ಲಿ ಇರುವಂಥದ್ದೇ. ಒಂದು ಮಗುವಿಗೆ ಒಂದು ಪುಟ. ಮೇಲೆ ಹೆಸರು, ಶಾಲೆ, ಅಪ್ಪನ ಫೋನ್ ನಂಬರ್. ಕೆಳಗೆ ವರ್ಷಕ್ಕೆ ಒಂದು ಸಾಲು: ಭುಜ, ಎದೆ, ತೋಳು, ಸೊಂಟ, ಉದ್ದ. ಸಾಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೆರಡು ಮಾತು. ನನ್ನ ಮಗಳ ಮೊದಲ ಸಾಲಿನಲ್ಲಿ "2015, ಭುಜ 10, ಎದೆ 23, ಪಿನಾಫೋರ್ ಉದ್ದ 25" ಅಂತ ಇದೆ, ಪಕ್ಕದಲ್ಲಿ "ಎಡಗೈ" ಅಂತ ಬರೆದಿದ್ದಾರೆ. ಅವಳು ಎಡಚಿ. ಅದಕ್ಕೆ ಜೇಬು ಬಲಗಡೆ ಇಟ್ಟುಕೊಟ್ಟರು. ನಾನು ಹೇಳಿರಲಿಲ್ಲ. ಅಳತೆ ತೆಗೆದುಕೊಳ್ಳುವಾಗ ಕೈಗೊಂದು ಸೀಮೆಸುಣ್ಣದ ತುಂಡು ಕೊಟ್ಟಿದ್ದರಂತೆ, ಯಾವ ಕೈ ಚಾಚಿದಳು ಅಂತ ನೋಡಿಕೊಂಡಿದ್ದಾರೆ.

ಮಗನ ಪುಟ 2018ರಿಂದ ಶುರು. "ಚಡ್ಡಿ ಉದ್ದ 13. ಓಡುತ್ತಾನೆ. ಡಬಲ್ ಹೊಲಿಗೆ." ಅಷ್ಟೇ. ಅವನ ಇಡೀ ಒಂದನೇ ಕ್ಲಾಸು ಆ ಎರಡು ಮಾತಿನಲ್ಲಿ ಇದೆ. ಮನೆಯಲ್ಲಿ ದಿನಾ ನೋಡುವ ನಮಗೆ ಮಕ್ಕಳು ಬೆಳೆಯುವುದು ಗೊತ್ತಾಗುವುದಿಲ್ಲ. ನೆಂಟರು ಬಂದು "ಎಷ್ಟುದ್ದ ಆಗಿದಾನೆ ಮಾರಾಯ್ರೆ" ಅಂದಾಗ "ಹೌದಾ?" ಅಂತ ತಿರುಗಿ ನೋಡುತ್ತೇವೆ. ವರ್ಷಕ್ಕೊಮ್ಮೆ ಆ ಪುಸ್ತಕದ ಮುಂದೆ ನಿಂತಾಗ ಮಾತ್ರ ಎಲ್ಲ ಒಟ್ಟಿಗೆ ಕಾಣುತ್ತದೆ. ಆಲ್ಬಮ್ಮಿನಲ್ಲಿ ಫೋಟೋ ನೋಡಿದರೂ ನನಗೆ ಹಾಗೆ ಅನಿಸಿಲ್ಲ. ಫೋಟೋದಲ್ಲಿ ಮಕ್ಕಳು ಫೋಟೋಕ್ಕೆ ನಿಂತಿರುತ್ತಾರೆ. ಇಲ್ಲಿ ಅವತ್ತು ಅವರು ಇದ್ದದ್ದು ಇಷ್ಟು, ಅಷ್ಟೇ.

ಸರಿ, ಹೊಲಿಗೆಗೆ ಬರುತ್ತೇನೆ. ಶಾಲೆ ಬಟ್ಟೆ ಹೊಲಿಯುವುದು ದೊಡ್ಡವರ ಬಟ್ಟೆ ಹೊಲಿದ ಹಾಗಲ್ಲ. ದೊಡ್ಡವರಿಗೆ ಇವತ್ತಿನ ಅಳತೆಗೆ ಹೊಲಿದರೆ ಸಾಕು, ಮಕ್ಕಳಿಗೆ ಮುಂದಿನ ಮಾರ್ಚಿನ ಅಳತೆಗೆ ಹೊಲಿಯಬೇಕು, ಆದರೆ ಇವತ್ತು ದೊಗಳೆ ಕಾಣಬಾರದು. ಆರರಿಂದ ಹತ್ತು ವರ್ಷದವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಬೆಳೆಯುತ್ತಾರೆ, ಅಂದರೆ ಎರಡು ಇಂಚು, ಎರಡೂಕಾಲು ಇಂಚು. ಇವರು ಸ್ಕರ್ಟಿಗೆ, ಪ್ಯಾಂಟಿಗೆ ಕೆಳಗೆ ಮೂರು ಇಂಚು ಒಳಗೆ ಮಡಚಿ ಕೈಹೊಲಿಗೆ ಹಾಕುತ್ತಾರೆ. ಮಷೀನಿನಲ್ಲಿ ಹೊಲಿದರೆ ಬಿಚ್ಚುವಾಗ ತೂತು ಉಳಿಯುತ್ತದೆ, ಅದಕ್ಕೆ ಕೈಹೊಲಿಗೆ. ತೋಳಿನೊಳಗೆ ಒಂದು ಇಂಚು. ಎರಡೂ ಪಕ್ಕದಲ್ಲಿ ಅರ್ಧರ್ಧ ಇಂಚು ಬಟ್ಟೆ ಜಾಸ್ತಿ. ಸೊಂಟಕ್ಕೆ ಹಿಂದೆ ಮಾತ್ರ ಎಲಾಸ್ಟಿಕ್, ಮುಂದೆ ಪಟ್ಟಿ, ಹುಕ್ಕಿಗೆ ಎರಡು ಜಾಗ. ದಸರಾ ರಜೆಯಲ್ಲಿ ತೆಗೆದುಕೊಂಡು ಹೋದರೆ ಮಡಿಕೆ ಬಿಚ್ಚಿ, ಇಸ್ತ್ರಿ ಹಾಕಿ ಕೊಡುತ್ತಾರೆ. ಅದಕ್ಕೆ ಇಲ್ಲಿವರೆಗೆ ಒಂದು ರೂಪಾಯಿ ತೆಗೆದುಕೊಂಡಿಲ್ಲ. "ಅದು ಹೊಲಿಗೆ ದುಡ್ಡಲ್ಲೇ ಬಂತಲ್ವಾ" ಅನ್ನುತ್ತಾರೆ.

ನಮ್ಮ ಕಡೆ ಇನ್ನೊಂದು ಸಮಸ್ಯೆ ಮಳೆ. ಆಗುಂಬೆ, ಹೊಸನಗರದ ಮಳೆಗೆ ಹೋಲಿಸಿದರೆ ಶಿವಮೊಗ್ಗದ್ದು ಏನೂ ಅಲ್ಲ, ಆದರೂ ಜುಲೈನಲ್ಲಿ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಎರಡು ಜೊತೆ ಯೂನಿಫಾರ್ಮ್ ಇಟ್ಟುಕೊಂಡು ಮಳೆಗಾಲ ಕಳೆಯುವುದು ಅಂದರೆ ಏನು ಅಂತ ಮಲೆನಾಡಿನ ಅಪ್ಪ ಅಮ್ಮಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ, ರಾತ್ರಿ ಹಂಡೆ ನೀರು ಕಾದ ಮೇಲೆ ಆ ಬಿಸಿಗೆ ಒಣಗಿಸುತ್ತೇವೆ. ಮಕ್ಕಳು ಹೊಗೆ ವಾಸನೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಾರೆ. ಕ್ಲಾಸಿನಲ್ಲಿ ಅರ್ಧ ಮಕ್ಕಳಿಗೆ ಅದೇ ವಾಸನೆ, ಹಾಗಾಗಿ ಯಾರೂ ಏನೂ ಅನ್ನುವುದಿಲ್ಲ. ಮೂರು ಇಂಚು ಮಡಿಕೆ ಇದ್ದರೆ ಆ ಜಾಗದಲ್ಲಿ ಬಟ್ಟೆ ಎರಡು ಪದರ, ಒಣಗುವುದೇ ಇಲ್ಲ. ಇದನ್ನು ನಾನು ಒಂದು ಸಲ ಹೇಳಿದೆ. ಮುಂದಿನ ವರ್ಷದಿಂದ ಮಡಿಕೆಯನ್ನು ದೂರ ದೂರ ಹೊಲಿಗೆಯಲ್ಲಿ ಸಡಿಲವಾಗಿ ಹಿಡಿದರು. ಒಗೆದ ಮೇಲೆ ಒಳಗೆ ಕೈ ಹಾಕಿ ಎರಡು ಪದರ ಬಿಡಿಸಿ ನೇತು ಹಾಕಬಹುದು. ಬಟ್ಟೆ ತೆಗೆದುಕೊಳ್ಳುವಾಗಲೂ ಸಲಹೆ ಕೊಡುತ್ತಾರೆ. ಪೂರ್ತಿ ಕಾಟನ್ ನೋಡೋಕೆ ಚೆನ್ನ, ಮಳೆಗಾಲದಲ್ಲಿ ಒಣಗಲ್ಲ, ಪೂರ್ತಿ ಪಾಲಿಯೆಸ್ಟರ್ ಬೇಗ ಒಣಗುತ್ತೆ, ಮೈಗೆ ಒಗ್ಗಲ್ಲ, ಎರಡೂ ಬೆರೆಸಿದ ಟೆರಿಕಾಟ್ ತಗೊಳ್ಳಿ ಅಂತ. ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತರಬೇಕು. ನೆನೆಸದೆ ತಂದರೆ ವಾಪಸ್ ಕಳಿಸುತ್ತಾರೆ, ಎಷ್ಟು ಬೇಡಿಕೊಂಡರೂ ಮುಟ್ಟುವುದಿಲ್ಲ.

ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯ ಬಟ್ಟೆ ಬರುತ್ತದಲ್ಲ, ಅದನ್ನೂ ಹೊಲಿಯುತ್ತಾರೆ. ಆ ಮಕ್ಕಳಿಗೆ ಹೊಲಿಗೆ ದುಡ್ಡು ಕಮ್ಮಿ. ಬೋರ್ಡಿನಲ್ಲಿ ಬರೆದಿಲ್ಲ, ಆದರೆ ನಾನು ಎದುರಿಗೆ ನಿಂತು ನೋಡಿದ್ದೇನೆ.

2019ರಲ್ಲಿ ನಾವು ಒಂದು ಸಲ ಬೇರೆ ಕಡೆ ಹೋದೆವು. ಆ ಮೇ ತಿಂಗಳು ಹೆಂಡತಿಗೆ ಆರೋಗ್ಯ ಸರಿ ಇರಲಿಲ್ಲ, ಟೈಲರ್ ಹತ್ತಿರ ಓಡಾಡಲು ಆಗಲಿಲ್ಲ. ಮಗಳದು ಹೇಗೋ ಇವರ ಹತ್ತಿರವೇ ಆಯಿತು, ಮಗನಿಗೆ ಮಾತ್ರ ಒಂದು ರೆಡಿಮೇಡ್ ಅಂಗಡಿಯಲ್ಲಿ ಎರಡು ಜೊತೆ ತಂದೆ. ಎರಡನೇ ಕ್ಲಾಸು. ಬಣ್ಣ ಸರಿ, ಸೈಜು ಸರಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ನನಗೂ ನಿರಾಳ. ಆಗಸ್ಟಿನಲ್ಲಿ ಒಂದು ಸಂಜೆ ಬಟ್ಟೆ ಒಗೆಯಲು ತೆಗೆದರೆ ಚಡ್ಡಿ ಹಿಂದೆ ಹೊಲಿಗೆ ಒಂದು ಗೇಣು ಬಿಟ್ಟಿದೆ. ಕೇಳಿದರೆ "ಗೊತ್ತಿಲ್ಲ" ಅಂದ. ಶನಿವಾರ ಚಡ್ಡಿ ತೆಗೆದುಕೊಂಡು ಅವನನ್ನೂ ಕರೆದುಕೊಂಡು ಟೈಲರ್ ಹತ್ತಿರ ಹೋದೆ. ನಾನು ಫೋನ್ ಬಂತು ಅಂತ ಹೊರಗೆ ಹೋಗಿದ್ದೆ. ವಾಪಸ್ ಬಂದಾಗ ಇವನು ಮಷೀನಿನ ಪಕ್ಕ ಸ್ಟೂಲಿನ ಮೇಲೆ ಕೂತು ಅವರಿಗೆ ಎಲ್ಲ ಹೇಳುತ್ತಿದ್ದ. ಸ್ವಾತಂತ್ರ್ಯ ದಿನದ ಡ್ರಿಲ್ ಪ್ರಾಕ್ಟೀಸಿನಲ್ಲಿ ಬಗ್ಗಿದಾಗ ಹರಿದಿದ್ದು. ಆಮೇಲೆ ಇಡೀ ದಿನ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಕೂತಿದ್ದನಂತೆ. ಆಟಕ್ಕೆ ಹೋಗಲಿಲ್ಲ. ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಕೊನೆಗೆ ಎದ್ದನಂತೆ. ಮನೆಗೆ ಬಂದು ಬಟ್ಟೆ ಬದಲಾಯಿಸಿ ಏನೂ ಆಗದವನ ಹಾಗೆ ಚಪಾತಿ ತಿಂದಿದ್ದ.

ಏಳು ವರ್ಷದ ಹುಡುಗ. ನನಗೆ ಹೇಳದ್ದನ್ನು ಅವರಿಗೆ ಹೇಳಿದ. ನನಗೆ ಬೇಜಾರಾಯಿತು, ಸುಳ್ಳು ಹೇಳಲಾರೆ. ಮಕ್ಕಳು ಶಾಲೆಗೆ ಹೋದ ಮೇಲೆ ಅವರದೇ ಒಂದು ದಿನ ಇರುತ್ತದೆ, ಅದರಲ್ಲಿ ನಮಗೆ ಗೊತ್ತಾಗುವುದು ಅವರು ಹೇಳಿದಷ್ಟು ಮಾತ್ರ. ಬೆಳಗ್ಗೆ ಒಂಬತ್ತೂವರೆಗೆ ಗೇಟಿನೊಳಗೆ ಹೋದರೆ ಸಂಜೆ ನಾಲ್ಕೂವರೆವರೆಗೆ ಅವಮಾನ, ಜಗಳ, ಗೆಳೆತನ ಎಲ್ಲ ಅವರೇ ನೋಡಿಕೊಳ್ಳಬೇಕು. ನಾನು ಅವತ್ತಿನವರೆಗೆ ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ. ಟೈಲರ್ ಆ ಚಡ್ಡಿಯನ್ನು ಸುಮ್ನೆ ಹೊಲಿದು ಕೊಡಲಿಲ್ಲ, ಒಳಗೆ ಬೇರೆ ಬಟ್ಟೆಯ ತುಂಡು ಇಟ್ಟು ಮೂರು ಸಾಲು ಹೊಲಿಗೆ ಹಾಕಿದರು. ಎರಡು ಕೈಯಲ್ಲಿ ಹಿಡಿದು ಇವನಿಗೆ ಕೊಟ್ಟು "ಎಳಿ ನೋಡಣ" ಅಂದರು. ಇವನು ಹಲ್ಲು ಕಚ್ಚಿ ಎಳೆದ. ಹರಿಯಲಿಲ್ಲ. "ಇನ್ನು ಡ್ರಿಲ್ ಮಾಡು ಹೋಗು." ಅವನ ಮುಖ ನೋಡಬೇಕಿತ್ತು.

ಮಗಳ ಪುಟದಲ್ಲಿ 2019ರ ಸಾಲಿನ ಕೆಳಗೆ ಒಂದು ಸಾಲು ಖಾಲಿ ಇದೆ. 2020. ವರ್ಷ ಬರೆದು ಹಾಗೇ ಬಿಟ್ಟಿದ್ದಾರೆ. ಮಾರ್ಚಿನಲ್ಲಿ ಶಾಲೆ ಮುಚ್ಚಿತು, ನಾವು ಮಕ್ಕಳನ್ನು ತೀರ್ಥಹಳ್ಳಿ ಹತ್ತಿರ ಅಜ್ಜಿ ಮನೆಗೆ ಬಿಟ್ಟೆವು. ಮಗಳು ಆರನೇ ಕ್ಲಾಸು. ಆನ್‌ಲೈನ್ ಪಾಠಕ್ಕೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಿ ಕೊಡೆ ಹಿಡಿದುಕೊಂಡು ಫೋನ್ ನೋಡಬೇಕಿತ್ತು. 2021ರಲ್ಲಿ ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ಕ್ಲಾಸಿನವರಿಗೆ ಶಾಲೆ ತೆರೆದರು, ಸಣ್ಣ ಮಕ್ಕಳಿಗೆ ಅಕ್ಟೋಬರ್ 25ಕ್ಕೆ. ಅವಳಷ್ಟೇ ಮೊದಲು ಹೋಗಬೇಕು, ಹಳೇ ಯೂನಿಫಾರ್ಮ್ ಹಾಕಿ ನೋಡಿದರೆ ಭುಜ ಹಿಡಿಯುತ್ತಿದೆ, ಸ್ಕರ್ಟ್ ಮೊಣಕಾಲಿಗಿಂತ ಎಷ್ಟೋ ಮೇಲೆ. ಟೈಲರ್ ಬಳಿ ಓಡಿದೆವು. ಮಾಸ್ಕ್ ಹಾಕಿಕೊಂಡು ಅಳತೆ ತೆಗೆದುಕೊಂಡರು. ಭುಜ 12 ಇದ್ದದ್ದು 13½, ಎದೆ 26 ಇದ್ದದ್ದು 30, ಸ್ಕರ್ಟ್ 18ರಿಂದ 21. ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿದರು. "ಹೆಣ್ಣುಮಕ್ಳು ಐದು ಆರನೇ ಕ್ಲಾಸಲ್ಲಿ ಎದ್ದುಬಿಡ್ತಾರೆ ಸಾರ್, ಗಂಡುಮಕ್ಳು ಎಂಟು ಒಂಬತ್ತರಲ್ಲಿ. ಇವಳು ಬೆಳೆದಿದ್ದನ್ನ ನಾನು ನೋಡ್ಲೇ ಇಲ್ಲ" ಅಂದರು. ಅವರಿಗೆ ಆ ಎರಡು ವರ್ಷ ಕೆಲಸವೇ ಇರಲಿಲ್ಲ. ಶಾಲೆ ಬಟ್ಟೆ ನಂಬಿದ ಟೈಲರ್‌ಗೆ ಶಾಲೆ ಇಲ್ಲದಿದ್ದರೆ ಏನಿದೆ? ಮಾಸ್ಕ್ ಹೊಲಿದು ಮಾರಿದೆ ಅಂದರು. ಆ ಮಾತನ್ನು ಅಷ್ಟಕ್ಕೇ ಬಿಟ್ಟು "ಹಿಂದೆ ತಿರುಗು ತಾಯಿ" ಅಂದರು.

ಮಗಳು ಆ ವರ್ಷದಿಂದ ಅವರ ಮುಂದೆ ನಿಲ್ಲಲು ಸಂಕೋಚಪಡುತ್ತಿದ್ದಳು. ಮುಂದಿನ ಸಲ ಹೋದಾಗ ಟೈಲರ್ ತಾವಾಗಿಯೇ ಟೇಪನ್ನು ತಮ್ಮ ಹೆಂಡತಿಯ ಕೈಗೆ ಕೊಟ್ಟರು. ಆ ಅಕ್ಕ ಒಳಗೆ ಕೂತು ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ನೋಡಿಕೊಳ್ಳುತ್ತಾರೆ. ಪರದೆ ಹಾಕಿ ಅಳತೆ ತೆಗೆದುಕೊಂಡು, ಸಂಖ್ಯೆ ಮಾತ್ರ ಕೂಗಿ ಹೇಳುತ್ತಾರೆ, ಇವರು ಹೊರಗೆ ಬರೆದುಕೊಳ್ಳುತ್ತಾರೆ. ಆರನೇ ಕ್ಲಾಸಿನಿಂದ ಮೇಲಿನ ಎಲ್ಲ ಹುಡುಗಿಯರಿಗೂ ಈಗ ಹಾಗೆಯೇ. ಹೆಣ್ಣುಮಕ್ಕಳ ಅಪ್ಪಂದಿರು ಇದನ್ನು ಗಮನಿಸಿ.

ಆ ಏಳನೇ ಕ್ಲಾಸಿನ ಸ್ಕರ್ಟಿನ ಕಥೆ ಒಂದು ಹೇಳಲೇಬೇಕು. ಮಡಿಕೆ ಬಿಚ್ಚಿದಾಗ ಒಂದು ತೊಂದರೆ ಇದೆ. ಹೊರಗಿನ ಬಟ್ಟೆ ಒಗೆದು ಒಗೆದು ಮಾಸಿರುತ್ತದೆ, ಒಳಗೆ ಮಡಚಿದ ಭಾಗ ಹೊಸದರ ಹಾಗೆ ಗಾಢ ನೀಲಿ. ಎರಡೂ ಸೇರುವ ಕಡೆ ಒಂದು ಗೆರೆ ಉಳಿಯುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಸಣ್ಣವಳಿದ್ದಾಗ ಇವಳಿಗೆ ಅದೇ ಖುಷಿ, "ನಾನು ಇಷ್ಟು ಬೆಳೆದೆ" ಅಂತ ಗೆಳತಿಯರಿಗೆ ಗೆರೆ ತೋರಿಸುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ಜನವರಿಗೆ ಮಡಿಕೆ ಬಿಚ್ಚಿಸಿದಾಗ ಆ ಗೆರೆ ನೋಡಿ ಕಣ್ಣಲ್ಲಿ ನೀರು. ಹಳೇ ಬಟ್ಟೆ ಅಂತ ಎಲ್ಲರಿಗೂ ಗೊತ್ತಾಗುತ್ತೆ, ಹಾಕಲ್ಲ ಅಂದಳು. ನಾನು ರೇಗಿದೆ. ಎರಡು ತಿಂಗಳಿಗೆ ಹೊಸ ಸ್ಕರ್ಟ್ ಯಾರು ಹೊಲಿಸುತ್ತಾರೆ ಅಂತ. ಟೈಲರ್ ಅವಳ ಪರ ನಿಂತರು. ಗೆರೆ ಇದ್ದ ಜಾಗದಲ್ಲೇ ಬಟ್ಟೆಯನ್ನು ತೆಳ್ಳಗೆ, ದಾರದಷ್ಟು ಅಗಲಕ್ಕೆ ಮಡಿಕೆ ಹಿಡಿದು ಸುತ್ತಲೂ ಒಂದು ಹೊಲಿಗೆ ಓಡಿಸಿದರು. ಗೆರೆ ಒಳಗೆ ಹೋಯಿತು, ನೋಡಿದರೆ ಬೇಕು ಅಂತಲೇ ಕೊಟ್ಟ ಡಿಸೈನ್ ಹಾಗೆ. ಹೋದ ಉದ್ದ ಕಾಲು ಇಂಚೂ ಇಲ್ಲ. ಬಣ್ಣದ ವ್ಯತ್ಯಾಸ ಹತ್ತಿರದಿಂದ ನೋಡಿದರೆ ಇತ್ತು, ಆದರೆ ಅವಳು ಹಾಕಿಕೊಂಡು ಹೋದಳು. ಅದೇ ಬೇಕಿದ್ದದ್ದು. ಅಪ್ಪನಾಗಿ ನಾನು ದುಡ್ಡಿನ ಲೆಕ್ಕ ನೋಡಿದೆ, ಅವರು ಮಗುವಿನ ಮುಖ ನೋಡಿದರು. ಆವತ್ತು ರೇಗಿದ್ದು ತಪ್ಪು ಅಂತ ಮಗಳಿಗೆ ಆಮೇಲೆ ಹೇಳಿದ್ದೇನೆ.

ಕೊರತೆಗಳೂ ಇವೆ, ಅದನ್ನೂ ಬರೆಯಬೇಕಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ. "ಗುರುವಾರ" ಅಂದರೆ ಶನಿವಾರ ಅಂತ ತಿಳಿದುಕೊಳ್ಳಿ. ಮೇ ಕೊನೆಗೆ ಹೋದರೆ ಜೂನ್ ಎರಡನೇ ವಾರ. 2023ರಲ್ಲಿ ಶಾಲೆ ಶುರುವಾಗಿ ಒಂಬತ್ತು ದಿನ ಮಗ ಬಣ್ಣದ ಬಟ್ಟೆಯಲ್ಲಿ ಹೋದ, ದಿನಾ ಡೈರಿಯಲ್ಲಿ ಟೀಚರ್ ಬರೆದು ಕಳಿಸುತ್ತಿದ್ದರು, ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಫೋನ್ ಎತ್ತುವುದಿಲ್ಲ, ಮಷೀನ್ ಶಬ್ದಕ್ಕೆ ಕೇಳಿಸಲ್ಲ ಅನ್ನುತ್ತಾರೆ. ಒಂದು ಸಲ ಬೇರೆ ಹುಡುಗನ ಪ್ಯಾಂಟು ನಮಗೆ ಬಂದು, ನಮ್ಮದು ಭದ್ರಾವತಿಗೆ ಹೋಗಿತ್ತು. ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಆ ದಿನಗಳಲ್ಲಿ ಅಂಗಡಿ ಬಾಗಿಲು ತೆಗೆಯುವುದೇ ಇಲ್ಲ, ಪರೀಕ್ಷೆ ಹೊತ್ತಿಗೆ ಏನಾದರೂ ಹರಿದರೆ ನೀವೇ ಸೂಜಿ ಹಿಡಿಯಬೇಕು. ಕೂರಲು ಜಾಗ ಇಲ್ಲ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಬಜಾರಿಗೆ ನಡೆದೇ ಬನ್ನಿ.

ದರ ಹೇಳುವುದಾದರೆ, 2015ರಲ್ಲಿ ಶರ್ಟಿಗೆ 120 ರೂಪಾಯಿ ಕೊಟ್ಟಿದ್ದೆ, ಈ ವರ್ಷ 280. ಪ್ಯಾಂಟು 400. ಬಟ್ಟೆ ನಮ್ಮದು. ರೆಡಿಮೇಡಿಗಿಂತ ಜಾಸ್ತಿಯೇ ಆಗುತ್ತದೆ. ಆದರೆ ರೆಡಿಮೇಡ್ ಒಂದು ವರ್ಷಕ್ಕೆ ಮುಗಿಯುತ್ತದೆ, ಇದು ಒಂದೂವರೆ, ಎರಡು ವರ್ಷ ಬರುತ್ತದೆ. ಮಗಳ ಎರಡನೇ ಕ್ಲಾಸಿನ ಶರ್ಟು ಕಾಲರ್ ತಿರುಗಿಸಿ ಹೊಲಿಸಿಕೊಂಡು ಮಗ ಹಾಕಿದ, ಆಮೇಲೆ ಅಜ್ಜಿ ಊರಿನಲ್ಲಿ ಇನ್ನೊಂದು ಹುಡುಗನಿಗೆ ಹೋಯಿತು. ಜೇಬು ಬಲಗಡೆ ಇದೆ ಅಂತ ಆ ಹುಡುಗ ತಕರಾರು ತೆಗೆದನಂತೆ. ಏಪ್ರಿಲ್ ಹತ್ತರಂದು ಫಲಿತಾಂಶ ಸಿಕ್ಕಿದ ಮೇಲೆ ನೇರ ಬಟ್ಟೆ ತೆಗೆದುಕೊಂಡು, ನೆನೆಸಿ, ಅದೇ ವಾರ ಕೊಟ್ಟುಬಿಡಿ. ಆಗ ಅಂಗಡಿ ಖಾಲಿ ಇರುತ್ತದೆ, ಮಗುವಿನ ಜೊತೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದಳು. ಕಾಲೇಜಿಗೂ ಯೂನಿಫಾರ್ಮ್ ಇದೆ, ಚೂಡಿದಾರ್. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ, "ಬೇಡಪ್ಪ, ನಾನೇ ಹೋಗ್ತೀನಿ, ತಮ್ಮನ್ನೂ ಕರ್ಕೊಂಡು ಹೋಗ್ತೀನಿ" ಅಂದಳು. ಸಿಟಿ ಬಸ್ಸು ಹತ್ತಿ ಇಬ್ಬರೂ ಹೋದರು. ನಾನು ಮಂಡಿಯಲ್ಲಿ ಕೂತು ಎರಡು ಸಲ ಗಡಿಯಾರ ನೋಡಿದೆ. ಸಂಜೆ ಬಂದು ಪುಟದ ಫೋಟೋ ತೋರಿಸಿದಳು, ಟೈಲರ್ ಹತ್ತಿರ ಕೇಳಿ ತೆಗೆದುಕೊಂಡಿದ್ದು. ಹತ್ತು ವರ್ಷದ ಸಾಲುಗಳು, ನಡುವೆ 2020 ಖಾಲಿ. ಪುಟದ ಕೊನೆಯ ಸಾಲೂ ತುಂಬಿದೆ. ಈ ಸಲ ಅವಳ ಅಳತೆ ಬರೆಯಲು ಹೊಸ ಪುಟ ತಿರುಗಿಸಿ, ಮೇಲೆ ಅವಳ ಫೋನ್ ನಂಬರ್ ಬರೆದುಕೊಂಡಿದ್ದಾರೆ. ನನ್ನದಲ್ಲ.

ಮಗ ಎಂಟನೇ ಕ್ಲಾಸು. ಪ್ಯಾಂಟು ಉದ್ದ 36 ಬರೆದಿದ್ದಾರೆ, ಪಕ್ಕದಲ್ಲಿ "ಮಡಿಕೆ 4" ಅಂತ. ಮೂರರ ಬದಲು ನಾಲ್ಕು ಇಂಚು ಬಿಟ್ಟಿದ್ದಾರೆ, ದಸರಾವರೆಗೆ ಬರೋದು ಅನುಮಾನ ಅಂದರಂತೆ. ಈಗ ಆಗಸ್ಟ್. ನಿನ್ನೆ ಬೆಳಗ್ಗೆ ಶೂ ಹಾಕಿಕೊಳ್ಳುವಾಗ ನೋಡಿದೆ, ನಿಂತರೂ ಕಾಲುಚೀಲ ಕಾಣುತ್ತಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋಗಬೇಕು, ಈ ಸಲ ನಾನೇ.